ಪ್ರಾಯೋಜಕರ ಹಣ: ಜಾಲತಾಣದ ಕೃತಿಕಾರರ ಸಂಪಾದನೆಯನ್ನು ಅಳೆಯುವ ಬಗೆ

ಒಂದು ವೃತ್ತಿಯಿಂದ ಮನುಷ್ಯನಿಗೆ ಎಷ್ಟು ಹುಟ್ಟುತ್ತದೆ ಎಂದು ಕೇಳುವುದು ಸುಲಭ. ಉತ್ತರಿಸಬೇಕಾದರೆ ಆ ವೃತ್ತಿಯ ಲೆಕ್ಕಪತ್ರ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕಾಗುತ್ತದೆ. ಸರಕಾರಿ ನೌಕರನ ವೇತನಶ್ರೇಣಿ ಅಚ್ಚಾಗಿ ಪ್ರಕಟವಾಗುತ್ತದೆ. ಅದನ್ನು ತಿಳಿಯಲು ಯಾರನ್ನೂ ಕೇಳಬೇಕಾದುದಿಲ್ಲ. ಮುಂಬಯಿಯ ಹತ್ತಿಯ ಗಿರಣಿಗಳ ಕಾರ್ಮಿಕನ ಕೂಲಿಯಾದರೋ ಒಂದು ಕಾಲಕ್ಕೆ ಕೇವಲ ಊಹಾಪೋಹದ ವಿಷಯವಾಗಿತ್ತು. ಮುಂಬಯಿ ಸರಕಾರವು 1921ರಲ್ಲಿ ಲೇಬರ್ ಆಫೀಸನ್ನು ಸ್ಥಾಪಿಸಿ, ಗಿರಣಿಗಳಿಂದಲೇ ಕೂಲಿಯ ಲೆಕ್ಕಗಳನ್ನು ತರಿಸಿಕೊಂಡು, 1923ರಲ್ಲಿ ವರದಿಯನ್ನು ಪ್ರಕಟಿಸಿದ ಮೇಲೆಯೇ ಮಾಲೀಕರೂ ಕಾರ್ಮಿಕರೂ ಒಂದೇ ಅಂಕಿಯನ್ನು ಮುಂದಿಟ್ಟುಕೊಂಡು ವಾದಿಸುವುದು ಸಾಧ್ಯವಾಯಿತು. ಈ ಹಳೆಯ ಸಂಗತಿಯನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ನಮ್ಮ ಕಣ್ಣೆದುರಿಗೇ ಹುಟ್ಟಿ ಬೆಳೆದಿರುವ ಒಂದು ಹೊಸ ವೃತ್ತಿಯು ಇಂದು 1921ಕ್ಕೆ ಹಿಂದಿನ ಗಿರಣಿ ಕೂಲಿಯ ಸ್ಥಿತಿಯಲ್ಲಿದೆ. ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಮೊದಲಾದ ತಾಣಗಳಲ್ಲಿ ದೃಶ್ಯ, ಮಾತು, ಬರಹಗಳನ್ನು ನಿರ್ಮಿಸಿ ಪ್ರಕಟಿಸುವವರ ವೃತ್ತಿಯೇ ಅದು. ಅವರಲ್ಲಿ ಕೆಲವರು ಕೋಟಿಗಳನ್ನು ಗಳಿಸುತ್ತಾರೆಂದು ಜನ ನಂಬುತ್ತಾರೆ. ಆ ನಂಬಿಕೆಯಿಂದ ಕೆಲಸ ಬಿಟ್ಟವರು, ಕಾಲೇಜು ಬಿಟ್ಟವರು, ಸಾಲಮಾಡಿ ಕ್ಯಾಮೆರಾ ಕೊಂಡವರು ಉಂಟು. ನಂಬಿಕೆಗೆ ಆಧಾರವೇನೆಂದು ವಿಚಾರಿಸಹೊರಟರೆ ಗಟ್ಟಿಯಾದ ನೆಲ ಬೇಗ ಸಿಕ್ಕುವುದಿಲ್ಲ.

ಮುಂದುವರಿಯುವ ಮುನ್ನ ಎರಡು ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಒಳ್ಳೆಯದು. ಈ ವೃತ್ತಿಯವರನ್ನು ಜನ ಯೂಟ್ಯೂಬರ್, ಇನ್‌ಫ್ಲುಯೆನ್ಸರ್, ಕಂಟೆಂಟ್ ಕ್ರಿಯೇಟರ್ ಎಂದು ನಾನಾ ಬಗೆಯಾಗಿ ಕರೆಯುವುದುಂಟು. ಪ್ರಕೃತ ಲೇಖನದಲ್ಲಿ ‘ಕೃತಿಕಾರ’ ಎಂಬ ಒಂದೇ ಮಾತನ್ನು ಬಳಸಲಾಗಿದೆ. ಸ್ತ್ರೀಯರೂ ಪುರುಷರೂ ಅದರಲ್ಲಿ ಸೇರಿದ್ದಾರೆ. ಇವರ ಸಂಪಾದನೆಯಲ್ಲಿ ಬೇರೆಬೇರೆಯಾಗಿ ನೋಡಬೇಕಾದ ಎರಡು ಹೊಳೆಗಳಿವೆ. ಮೊದಲನೆಯದು ತಾಣದ ಒಡೆಯರು ತಾವೇ ಜಾಹೀರಾತುಗಳನ್ನು ಮಾರಿ, ಬಂದುದರಲ್ಲಿ ಗೊತ್ತಾದ ಪಾಲನ್ನು ಕೃತಿಕಾರರಿಗೆ ಕೊಡುವುದು. ಯೂಟ್ಯೂಬಿನಲ್ಲಿ ಈ ಪಾಲು ದೀರ್ಘ ವಿಡಿಯೋಗಳಿಗೆ ನೂರಕ್ಕೆ 55. 2023ರಿಂದ ಪಾಲು ಪಡೆಯತೊಡಗಿದ ಶಾರ್ಟ್ಸ್ ಎಂಬ ಕಿರುಚಿತ್ರಗಳಿಗೆ ನೂರಕ್ಕೆ 45. ಎರಡನೆಯದು ಪ್ರಾಯೋಜಕತ್ವ. ಸಾಬೂನಿನ ಕಂಪನಿಯೋ ಮೊಬೈಲಿನ ಕಂಪನಿಯೋ ತಾಣದ ಒಡೆಯರನ್ನು ಬಿಟ್ಟು ನೇರವಾಗಿ ಕೃತಿಕಾರನ ಬಳಿಗೆ, ಇಲ್ಲವೆ ಅವನ ಪರವಾಗಿ ಮಾತಾಡುವ ಏಜೆನ್ಸಿಯ ಬಳಿಗೆ ಬಂದು, ‘ನಿನ್ನ ಮುಂದಿನ ವಿಡಿಯೋದಲ್ಲಿ ನಮ್ಮ ಪದಾರ್ಥದ ವಿಷಯ ಒಂದು ನಿಮಿಷ ಮಾತಾಡು’ ಎಂದು ಕರಾರು ಮಾಡಿಕೊಳ್ಳುತ್ತದೆ. ಮೊದಲನೆಯ ಹೊಳೆಯ ನೀರನ್ನು ತಾಣದವರು ಅಳೆದು ಬಿಡುತ್ತಾರೆ. ಎರಡನೆಯದರ ಅಳತೆ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ಗೊತ್ತು. ನಾವು ವಿಚಾರಿಸಬೇಕಾಗಿರುವುದು ಈ ಎರಡನೆಯದನ್ನು.

ಪ್ರಾಯೋಜಕತ್ವವೆಂಬುದು ಅಂತರಜಾಲದೊಡನೆ ಹುಟ್ಟಿದ್ದಲ್ಲ. ಆಕಾಶವಾಣಿಯು ಚಲಚ್ಚಿತ್ರಗೀತೆಗಳಿಗೆ ಬಾಗಿಲನ್ನು ಹೆಚ್ಚುಕಡಮೆ ಮುಚ್ಚಿದ್ದ ಕಾಲದಲ್ಲಿ, 1952ರಲ್ಲಿ, ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು. ದಂತಮಂಜನದ ಹೆಸರನ್ನೇ ಕಾರ್ಯಕ್ರಮ ಹೊತ್ತಿತ್ತು. ಅದನ್ನು ನಡೆಸಿಕೊಟ್ಟ ಅಮೀನ್ ಸಯಾನಿಯವರು (2024ರಲ್ಲಿ ತೀರಿಕೊಂಡರು) ಪ್ರಾರಂಭದಲ್ಲಿ ತಮಗೆ ವಾರಕ್ಕೆ 25 ರೂಪಾಯಿ ದೊರೆಯುತ್ತಿತ್ತೆಂದು ಬಹು ವರ್ಷಗಳ ತರುವಾಯ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಈ 25 ರೂಪಾಯಿ ನಮಗೆ ತಿಳಿದುಬಂದುದು ಅವರ ನೆನಪಿನಿಂದ; ದಂತಮಂಜನದ ಕಂಪನಿಯ ಲೆಕ್ಕದ ಪುಸ್ತಕದಿಂದಲ್ಲ. ದೇಶದ ಲಕ್ಷಾಂತರ ಮನೆಗಳಲ್ಲಿ ಕೇಳಿಸುತ್ತಿದ್ದ ಆ ಧ್ವನಿಯಿಂದ ಕಂಪನಿಗಾದ ಲಾಭವೆಷ್ಟು, ಅದರಲ್ಲಿ ಧ್ವನಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಹಣ ಪಡೆದು ಪ್ರಸಾರಮಾಡಿದ್ದನ್ನು ಕೇಳುಗರಿಗೆ ತಿಳಿಸಬೇಕೆಂಬ ನಿಯಮ 1927ರ ರೇಡಿಯೋ ಕಾಯಿದೆಯಲ್ಲಿಯೇ ಇತ್ತು. ಆದರೂ ಧ್ವನಿಮುದ್ರಿಕೆಯ ಕಂಪನಿಗಳಿಂದ ಗುಟ್ಟಾಗಿ ಹಣ ಪಡೆದು ಹಾಡುಗಳನ್ನು ಮತ್ತೆ ಮತ್ತೆ ಹಾಕುತ್ತಿದ್ದ ನಿರೂಪಕರ ವಿಷಯ 1959-60ರಲ್ಲಿ ಬಯಲಿಗೆ ಬಂದು, 1960ರಲ್ಲಿ ಕಾಯಿದೆಯನ್ನು ಬಿಗಿಮಾಡಬೇಕಾಯಿತು. ಹಣ ಪಡೆದದ್ದನ್ನು ಹೇಳು ಎಂಬುದಷ್ಟೇ ಈ ನಿಯಮಗಳ ಸಾರ. ಎಷ್ಟು ಪಡೆದೆ ಎಂಬುದನ್ನು ಕೇಳುಗನಿಗೆ ಹೇಳಬೇಕೆಂದು ಅವು ವಿಧಿಸಲಿಲ್ಲ. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದಕ್ಕೆ ಮರಳುವೆವು.

ಇಂದು ಯಾರಾದರೂ ಒಬ್ಬ ಕೃತಿಕಾರನ ಸಂಪಾದನೆಯನ್ನು ತಿಳಿಯಬಯಸಿದರೆ ಮೊದಲು ಹೋಗುವುದು ಅಂದಾಜಿನ ತಾಣಗಳಿಗೆ. ಸೋಶಿಯಲ್ ಬ್ಲೇಡ್ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಯಾವ ಯೂಟ್ಯೂಬ್ ಚಾನೆಲಿನ ಹೆಸರು ಕೊಟ್ಟರೂ ತಿಂಗಳಿಗೆ ಇಷ್ಟರಿಂದ ಇಷ್ಟು ಡಾಲರ್ ಎಂದು ಅದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಪತ್ರಿಕೆಗಳಲ್ಲಿ ಬರುವ ‘ಇಂಥವರ ಆದಾಯ ಇಷ್ಟು’ ಎಂಬ ಸುದ್ದಿಗಳಲ್ಲಿ ಎಷ್ಟೋ ಇಂಥ ಕಡೆಯಿಂದ ಎತ್ತಿದವು. ಅದರ ರೀತಿ ಬಹಳ ಸರಳವಾದುದು: ಸಾವಿರ ವೀಕ್ಷಣೆಗಳಿಗೆ ಕಡಮೆಯೆಂದರೆ ಕಾಲು ಡಾಲರ್, ಹೆಚ್ಚೆಂದರೆ 4 ಡಾಲರ್ ಎಂದಿಟ್ಟುಕೊಂಡು ಗುಣಿಸುವುದು. ಹತ್ತು ಲಕ್ಷ ವೀಕ್ಷಣೆಗಳಾದರೆ ಉತ್ತರ 250 ಡಾಲರಿಗೂ 4,000 ಡಾಲರಿಗೂ ನಡುವೆ ಎಲ್ಲಿಯಾದರೂ ಇರಬಹುದು. ಹದಿನಾರು ಪಟ್ಟು ಅಂತರವಿರುವ ಎರಡು ಗೂಟಗಳ ನಡುವೆ ಸತ್ಯ ಎಲ್ಲಿಯೋ ಮೇಯುತ್ತಿದೆ ಎಂದಂತಾಯಿತು. ಅದಿರಲಿ, ಈ ಅಂದಾಜು ಮೊದಲನೆಯ ಹೊಳೆಗೆ, ಎಂದರೆ ತಾಣದ ಜಾಹೀರಾತಿನ ಪಾಲಿಗೆ, ಸಂಬಂಧಪಟ್ಟದ್ದು. ಪ್ರಾಯೋಜಕರ ಹಣದ ಒಂದು ಕಾಸೂ ಇದರೊಳಗಿಲ್ಲ. ಓದುವವರು ಮಾತ್ರ ಅದನ್ನು ಒಟ್ಟು ಸಂಪಾದನೆಯೆಂದೇ ಗ್ರಹಿಸುತ್ತಾರೆ.

ಅಂದಾಜಲ್ಲದ, ನಿಜವಾದ ಲೆಕ್ಕಪತ್ರವೇ ಒಮ್ಮೆ ಜಗತ್ತಿನ ಕೈಗೆ ಸಿಕ್ಕಿತು. ಅಮೆಜಾನ್ ಕಂಪನಿಗೆ ಸೇರಿದ ಟ್ವಿಚ್ ಎಂಬ ತಾಣದಲ್ಲಿ ಜನ ತಾವು ಆಟವಾಡುವುದನ್ನು ನೇರಪ್ರಸಾರಮಾಡುತ್ತಾರೆ. 2021ರ ಅಕ್ಟೋಬರಿನಲ್ಲಿ ಅದರ ಒಳಗಿನ ಕಡತಗಳು ಕಳುವಾಗಿ ಬಹಿರಂಗವಾದವು. 2019ರ ಆಗಸ್ಟಿನಿಂದ ಆವರೆಗೆ ಯಾವ ಕೃತಿಕಾರನಿಗೆ ಎಷ್ಟು ಸಂದಾಯವಾಗಿದೆ ಎಂಬ ಪಟ್ಟಿ ಅವುಗಳಲ್ಲಿತ್ತು. ಪಟ್ಟಿಯ ತಲೆಯಲ್ಲಿದ್ದ ಕ್ರಿಟಿಕಲ್ ರೋಲ್ ಎಂಬ ತಂಡಕ್ಕೆ ಸುಮಾರು 96 ಲಕ್ಷ ಡಾಲರ್ ಸಂದಿತ್ತು. ವೃತ್ತಿಯೊಂದರ ಆದಾಯವನ್ನು ಅಭ್ಯಾಸಮಾಡುವವರಿಗೆ ಇಂಥ ದಾಖಲೆ ಅಪರೂಪವಾದುದು. ಆದರೆ ಅಲ್ಲಿದ್ದುದು ಟ್ವಿಚ್ ತಾನೇ ಕೊಟ್ಟ ಹಣ ಮಾತ್ರ. ಪ್ರಾಯೋಜಕರು ಕೊಟ್ಟದ್ದು ಟ್ವಿಚ್ಚಿಗೇ ಗೊತ್ತಿಲ್ಲದ್ದರಿಂದ ಕಡತದಲ್ಲಿ ಅದು ಇರುವಂತಿರಲಿಲ್ಲ. ತಿಜೋರಿಯೇ ತೆರೆದುಬಿದ್ದರೂ ಈ ಹಣ ಕಾಣಿಸಲಿಲ್ಲವೆಂದಾಗ ಅದು ಯಾವ ತಿಜೋರಿಯಲ್ಲಿದೆಯೆಂದು ಬೇರೆ ಕಡೆ ಹುಡುಕಬೇಕಾಗುತ್ತದೆ.

ಏಜೆನ್ಸಿಗಳ ದರಪಟ್ಟಿ ಸುಲಭವಾಗಿ ಸಿಕ್ಕುವ ಇನ್ನೊಂದು ಆಧಾರ. ಇಷ್ಟು ಸಾವಿರ ಅನುಯಾಯಿಗಳಿರುವವನಿಗೆ ಒಂದು ಚಿತ್ರಕ್ಕೆ ಇಷ್ಟು, ಇಷ್ಟು ಲಕ್ಷವಿರುವವನಿಗೆ ಇಷ್ಟು ಎಂಬ ಕೋಷ್ಟಕಗಳು ಪ್ರತಿವರ್ಷವೂ ಪ್ರಕಟವಾಗುತ್ತವೆ. ಇವುಗಳನ್ನು ಹೇಗೆ ಓದಬೇಕೆಂಬುದಕ್ಕೆ ನಮ್ಮ ಸಂಘಗಳಲ್ಲಿ ಕೆಲಸ ಮಾಡಿದವರಿಗೆ ದೂರದ ನಿದರ್ಶನ ಬೇಕಾಗಿಲ್ಲ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗಾಗಿ ಜಾಹೀರಾತು ಕೂಡಿಸಲು ಹೊರಡುವಾಗ ರಕ್ಷಾಪತ್ರದ ಹಿಂಬದಿಗೆ ಇಷ್ಟು, ಪೂರ್ಣ ಪುಟಕ್ಕೆ ಇಷ್ಟು, ಅರ್ಧ ಪುಟಕ್ಕೆ ಇಷ್ಟು ಎಂದು ಅಚ್ಚುಮಾಡಿಸಿದ ಪಟ್ಟಿಯೊಂದು ಕೈಯಲ್ಲಿರುತ್ತದೆ. ಹೋಟೆಲಿನ ಗಲ್ಲಾದ ಮೇಲೆ ಕುಳಿತ ಹಿರಿಯರು ಆ ಪಟ್ಟಿಯನ್ನು ನೋಡುವುದೂ ಇಲ್ಲ. ಬಂದವರ ಮುಖ ನೋಡಿ, ಹೋದ ವರ್ಷ ಎಷ್ಟು ಕೊಟ್ಟಿದ್ದೆವೆಂದು ಕೇಳಿ, ಅದಕ್ಕೆ ತಕ್ಕಂತೆ ಚೆಕ್ ಬರೆಯುತ್ತಾರೆ. ಕೆಲವರು ಚೆಕ್ಕಿನ ಬದಲು ಸಮಾರಂಭದ ದಿನ ಉಪಾಹಾರವನ್ನೇ ಕಳುಹಿಸುತ್ತೇವೆನ್ನುವರು. ಮುಂದೆ ಯಾರಾದರೂ ಸಂಶೋಧಕರು ದರಪಟ್ಟಿಯನ್ನು ಪುಟಸಂಖ್ಯೆಯಿಂದ ಗುಣಿಸಿ ಸಂಚಿಕೆಯ ಆದಾಯವನ್ನು ಬರೆದರೆ ಖಜಾಂಚಿಗೆ ನಗು ಬಂದೀತು. ಕೃತಿಕಾರರ ದರಪಟ್ಟಿಯೂ ಕೇಳುವ ಬೆಲೆಯೇ ಹೊರತು ದೊರೆತ ಬೆಲೆಯಲ್ಲ. ಅಲ್ಲದೆ ಪಟ್ಟಿಯನ್ನು ಪ್ರಕಟಿಸುವ ಏಜೆನ್ಸಿಗೆ ಅದೇ ಸರಕಿನಲ್ಲಿ ವ್ಯಾಪಾರವಿರುವುದರಿಂದ ಅದನ್ನು ತಟಸ್ಥ ಸಾಕ್ಷಿಯೆಂದು ಹೇಳಲಾಗದು.

ಕೃತಿಕಾರರನ್ನೇ ಕೇಳಿ ತಿಳಿಯುವ ಸಮೀಕ್ಷೆಗಳಿಗೆ ಬೇರೆಯ ದೋಷ ಅಂಟಿಕೊಂಡಿರುತ್ತದೆ. ಉತ್ತರಿಸುವವರು ಯಾರು ಎಂಬುದೇ ಉತ್ತರವನ್ನು ಬಹುಪಾಲು ನಿರ್ಣಯಿಸಿಬಿಡುತ್ತದೆ. ಒಂದು ಕಲ್ಪಿತ ಲೆಕ್ಕದಿಂದ ಇದನ್ನು ವಿಶದಪಡಿಸಬಹುದು. ನೂರು ಮಂದಿ ಕೃತಿಕಾರರಿದ್ದಾರೆಂದೂ, ವರ್ಷಕ್ಕೆ ಪ್ರಾಯೋಜಕರಿಂದ ಅವರಲ್ಲಿ ಒಬ್ಬನಿಗೆ 50 ಲಕ್ಷ ರೂಪಾಯಿ, ಒಂಬತ್ತು ಮಂದಿಗೆ ತಲಾ 5 ಲಕ್ಷ, ಉಳಿದ ತೊಂಬತ್ತು ಮಂದಿಗೆ ತಲಾ 10 ಸಾವಿರ ಬರುತ್ತದೆಂದೂ ಭಾವಿಸೋಣ. ಒಟ್ಟು 1 ಕೋಟಿ 4 ಲಕ್ಷ. ಸರಾಸರಿ ತೆಗೆದರೆ ತಲೆಗೆ 1 ಲಕ್ಷ 4 ಸಾವಿರ. ನೂರು ಮಂದಿಯನ್ನೂ ಸಂಪಾದನೆಯ ಕ್ರಮದಲ್ಲಿ ನಿಲ್ಲಿಸಿ ನಡುವೆ ನಿಂತವನನ್ನು ಕೇಳಿದರೆ ಅವನ ಕೈಯಲ್ಲಿರುವುದು 10 ಸಾವಿರ. ಏಜೆನ್ಸಿಯ ಪಟ್ಟಿಯಲ್ಲಿ ಹೆಸರಿರುವುದು ಮೇಲಿನ ಹತ್ತು ಮಂದಿಗೆ ಮಾತ್ರ ಎಂದಿಟ್ಟುಕೊಂಡು, ಸಮೀಕ್ಷೆಯವರು ಆ ಪಟ್ಟಿಯನ್ನು ಹಿಡಿದು ಹೊರಟರೆ ಸರಾಸರಿ 9 ಲಕ್ಷ 50 ಸಾವಿರವೆಂದು ವರದಿಯಾಗುತ್ತದೆ. ಮೂರು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಪತ್ರಿಕೆಯ ಶಿರೋನಾಮೆಗೆ ಏರುವುದು ಯಾವುದು, ಅದನ್ನು ಓದಿ ಊರು ಬಿಟ್ಟು ಬೆಂಗಳೂರಿಗೆ ಬರುವ ತರುಣ ನೂರು ಮಂದಿಯಲ್ಲಿ ಯಾವ ಸ್ಥಾನದಲ್ಲಿ ನಿಲ್ಲುವನು ಎಂಬುದನ್ನು ವಾಚಕರೇ ಊಹಿಸಬಲ್ಲರು.

ಹಣ ಕಾಣದಿದ್ದರೆ ಹೋಗಲಿ, ಎಷ್ಟು ಪ್ರಾಯೋಜಿತ ಕೃತಿಗಳು ಹೊರಬರುತ್ತಿವೆ ಎಂಬುದನ್ನಾದರೂ ಎಣಿಸಬಹುದಲ್ಲವೆ? ಈ ದಾರಿಯಲ್ಲಿ ವಿದ್ವಾಂಸರು ಸಾಕಷ್ಟು ಶ್ರಮಿಸಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಥುರ್, ನಾರಾಯಣನ್, ಚೆಟ್ಟಿ ಎಂಬವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಲೇಖನೀಯವಾದುದು. ಅವರು 5 ಲಕ್ಷಕ್ಕೂ ಮಿಕ್ಕ ಯೂಟ್ಯೂಬ್ ವಿಡಿಯೋಗಳನ್ನೂ ಪಿಂಟರೆಸ್ಟ್ ತಾಣದ ಸುಮಾರು 21 ಲಕ್ಷ ಚಿತ್ರಗಳನ್ನೂ ಶೋಧಿಸಿ, ಕೊಂಡಿಯೊತ್ತಿ ಕೊಂಡವರಿಂದ ದಸ್ತೂರಿ ದೊರೆಯುವಂತೆ ಮಾಡಿದ್ದ ಕೃತಿಗಳನ್ನು ಬೇರ್ಪಡಿಸಿದರು. ಹಣದ ಸಂಬಂಧವನ್ನು ನೋಡುಗರಿಗೆ ತಿಳಿಸಿದ್ದುದು ಅವುಗಳಲ್ಲಿ ನೂರಕ್ಕೆ ಸುಮಾರು ಹತ್ತು ಮಾತ್ರ. ಐರೋಪ್ಯ ಆಯೋಗವು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದ ತಪಾಸಣೆಯಲ್ಲಿ 576 ಕೃತಿಕಾರರನ್ನು ಪರೀಕ್ಷಿಸಲಾಗಿತ್ತು. ನೂರಕ್ಕೆ 97 ಮಂದಿ ವಾಣಿಜ್ಯದ ಕೃತಿಗಳನ್ನು ಪ್ರಕಟಿಸುತ್ತಿದ್ದರು; ಅದನ್ನು ಕ್ರಮವಾಗಿ ತಿಳಿಸುತ್ತಿದ್ದವರು ಐವರಲ್ಲಿ ಒಬ್ಬರು. ಆದುದರಿಂದ ‘ಪ್ರಾಯೋಜಿತ’ ಎಂಬ ಚೀಟಿ ಅಂಟಿಸಿದವುಗಳನ್ನಷ್ಟೇ ಎಣಿಸುವ ಸಂಶೋಧಕ ಪ್ರಾಮಾಣಿಕರನ್ನು ಎಣಿಸಿದಂತಾಯಿತೇ ಹೊರತು ಪ್ರಾಯೋಜಿತರನ್ನು ಎಣಿಸಿದಂತಾಗಲಿಲ್ಲ.

ಇದಕ್ಕೆ ಒಂದು ಒಳ್ಳೆಯ ಪೂರಕವು ಅನಿರೀಕ್ಷಿತವಾದ ಕಡೆಯಿಂದ ಬಂದಿದೆ. ಜಾಹೀರಾತಿನ ಮಾತನ್ನು ಕೇಳಲು ಬೇಸತ್ತ ನೋಡುಗರು ಸ್ಪಾನ್ಸರ್‌ಬ್ಲಾಕ್ ಎಂಬ ಉಪಕರಣದ ಮೂಲಕ, ಯಾವ ವಿಡಿಯೋದಲ್ಲಿ ಎಷ್ಟನೆಯ ಕ್ಷಣದಿಂದ ಎಷ್ಟನೆಯ ಕ್ಷಣದವರೆಗೆ ಪ್ರಾಯೋಜಕರ ಮಾತು ನಡೆಯುತ್ತದೆಂದು ಗುರುತುಮಾಡಿ ಪರಸ್ಪರ ಹಂಚಿಕೊಳ್ಳುತ್ತಾರೆ. ಉಳಿದವರು ಆ ಭಾಗವನ್ನು ದಾಟಿ ಹೋಗುತ್ತಾರೆ. ಈ ಗುರುತುಗಳ ಸಂಗ್ರಹ ಯಾರು ಬೇಕಾದರೂ ಪಡೆಯಬಹುದಾದಂತೆ ತೆರೆದಿದೆ. ತಪ್ಪಿಸಿಕೊಳ್ಳಲೆಂದು ಮಾಡಿದ ಪಟ್ಟಿ ಅಳೆಯಲು ಉಪಯುಕ್ತವಾಯಿತು. ನೋಡುಗರು ದಟ್ಟವಾಗಿರುವ ಇಂಗ್ಲಿಷ್ ಚಾನೆಲುಗಳ ಮಟ್ಟಿಗೆ ಇದು ಒದಗುವಷ್ಟು ಸಣ್ಣ ಭಾಷೆಗಳಿಗೆ ಒದಗದು ಎಂಬುದನ್ನೂ ಹೇಳಬೇಕು. ಇದಕ್ಕೆ ವಿರುದ್ಧವಾಗಿ ತಾಣದ ಒಡೆಯರು ತಾವೇ ತೆರೆದಿದ್ದ ಬಾಗಿಲುಗಳನ್ನು ಮುಚ್ಚುತ್ತಿದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮುಗಳ ಅಭ್ಯಾಸಿಗಳಿಗೆ ಆಸರೆಯಾಗಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು ಮೆಟಾ ಕಂಪನಿ 2024ರ ಆಗಸ್ಟಿನಲ್ಲಿ ನಿಲ್ಲಿಸಿತು.

ಎಣಿಕೆಯನ್ನು ಬಿಟ್ಟು ಬೆಲೆಗೆ ಬರೋಣ. ಪ್ರಾಯೋಜಕತ್ವದ ಒಂದು ಕರಾರಿನ ನಿಜವಾದ ಮೊತ್ತ ಸಾರ್ವಜನಿಕವಾಗಿ ತಿಳಿದುಬಂದಿರುವ ಸಂದರ್ಭಗಳು ಕೆಲವೇ. ಅವುಗಳಲ್ಲಿ ವಿಶ್ವಾಸಾರ್ಹವಾದವು ವ್ಯಾಜ್ಯಗಳಿಂದ ಹುಟ್ಟಿದವು. ಬಹಾಮಾ ದ್ವೀಪದಲ್ಲಿ 2017ರಲ್ಲಿ ನಡೆಯಬೇಕಾಗಿದ್ದ ಫೈರ್ ಫೆಸ್ಟಿವಲ್ ಎಂಬ ಸಂಗೀತೋತ್ಸವ ಬಂದವರಿಗೆ ಊಟವಸತಿಯನ್ನೂ ಸರಿಯಾಗಿ ಕೊಡಲಾರದೆ ಕುಸಿದುಬಿತ್ತು. ಅದನ್ನು ಏರ್ಪಡಿಸಿದವರು ದಿವಾಳಿಯಾದರು. ಉತ್ಸವವನ್ನು ಇನ್‌ಸ್ಟಾಗ್ರಾಮಿನಲ್ಲಿ ಸಾರಿದ್ದ ರೂಪದರ್ಶಿ ಕೆಂಡಲ್ ಜೆನ್ನರ್ ಅವರಿಗೆ ಒಂದು ಪ್ರಕಟಣೆಗೆ ಎರಡೂವರೆ ಲಕ್ಷ ಡಾಲರ್ ಸಂದಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ದಿವಾಳಿಯ ಆಸ್ತಿಯನ್ನು ನೋಡಿಕೊಳ್ಳಲು ನೇಮಕವಾದ ಅಧಿಕಾರಿ 2019ರಲ್ಲಿ ಹೂಡಿದ ದಾವೆಯಲ್ಲಿ ಆ ಮೊತ್ತ 2 ಲಕ್ಷ 75 ಸಾವಿರ ಡಾಲರ್ ಎಂದಿತ್ತು. 2020ರಲ್ಲಿ 90 ಸಾವಿರ ಡಾಲರ್ ಹಿಂದಿರುಗಿಸಿ ಅವರು ರಾಜಿಮಾಡಿಕೊಂಡರು. ಸುದ್ದಿಯ ಅಂಕಿಯನ್ನು ದಾವೆಯ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗೆ ಸಿಕ್ಕಿದ್ದು ಸಾಲಗಾರರು ಬೆನ್ನುಹತ್ತಿದ್ದರಿಂದ.

ಅಮೆರಿಕದ ಷೇರುಪೇಟೆಯ ನಿಯಂತ್ರಣ ಆಯೋಗದ ಆಜ್ಞೆಗಳು ಇದಕ್ಕಿಂತಲೂ ಬೆಲೆಯುಳ್ಳ ಆಧಾರಗಳು. 2018ರ ನವೆಂಬರಿನಲ್ಲಿ ಮುಷ್ಟಿಯುದ್ಧದ ಫ್ಲಾಯ್ಡ್ ಮೇವೆದರ್ ಸೆಂಟ್ರಾ ಟೆಕ್ ಎಂಬ ಕಂಪನಿಯಿಂದ 1 ಲಕ್ಷ ಡಾಲರ್, ಸಂಗೀತಗಾರ ಡಿಜೆ ಖಾಲಿದ್ 50 ಸಾವಿರ ಡಾಲರ್ ಪಡೆದು ಅದನ್ನು ಮುಚ್ಚಿಟ್ಟು ಪ್ರಚಾರಮಾಡಿದರೆಂದು ಆಯೋಗ ಘೋಷಿಸಿತು. 2022ರ ಅಕ್ಟೋಬರಿನಲ್ಲಿ ಕಿಮ್ ಕರ್ದಾಶಿಯನ್ ಎಥೀರಿಯಮ್‌ಮ್ಯಾಕ್ಸ್ ಎಂಬ ಡಿಜಿಟಲ್ ನಾಣ್ಯದ ವಿಷಯವಾಗಿ ಮಾಡಿದ ಒಂದು ಇನ್‌ಸ್ಟಾಗ್ರಾಮ್ ಪ್ರಕಟಣೆಗೆ ಎರಡೂವರೆ ಲಕ್ಷ ಡಾಲರ್ ಪಡೆದಿದ್ದರೆಂದು ತಿಳಿದುಬಂದಿತು; ಆಕೆ 12 ಲಕ್ಷ 60 ಸಾವಿರ ಡಾಲರ್ ತೆತ್ತು ವ್ಯವಹಾರವನ್ನು ಮುಗಿಸಿಕೊಂಡರು. ಸ್ವಾರಸ್ಯವೇನೆಂದರೆ ಆಕೆಯ ಪ್ರಕಟಣೆಯಲ್ಲಿ ಅದು ಜಾಹೀರಾತೆಂಬ ಗುರುತು ಇತ್ತು. ಹಾಗಾದರೆ ತಪ್ಪೇನು? 1933ರಲ್ಲಿ, ಮಹಾಕುಸಿತದ ಮರುಕಾಲದಲ್ಲಿ, ರಚಿಸಿದ ಸೆಕ್ಯೂರಿಟೀಸ್ ಕಾಯಿದೆಯ 17ನೆಯ ವಿಧಿಯ ಪ್ರಕಾರ, ಹಣ ಪಡೆದು ಷೇರನ್ನು ಹೊಗಳುವವನು ಹಣ ಪಡೆದುದನ್ನು ಹೇಳಿದರೆ ಸಾಲದು. ಎಷ್ಟು ಪಡೆದಿದ್ದೇನೆಂಬುದನ್ನೂ ಹೇಳಬೇಕು. ರೇಡಿಯೋ ಕಾಯಿದೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಆರೇ ವರ್ಷಗಳ ತರುವಾಯ ಷೇರುಪೇಟೆಯ ಕಾಯಿದೆ ಕೇಳಿತು. ಜಗತ್ತಿಗೆ ಇಂದು ಗೊತ್ತಿರುವ ಕೆಲವೇ ಖಚಿತ ಮೊತ್ತಗಳಲ್ಲಿ ಹಲವು ಈ ಒಂದು ವಿಧಿಯ ಫಲ. ಆದರೆ ಇವೆಲ್ಲ ಅತಿ ಪ್ರಸಿದ್ಧರ, ಅದೂ ಕೆಟ್ಟುಹೋದ ವ್ಯವಹಾರಗಳ ಅಂಕಿಗಳು. ಇವುಗಳಿಂದ ಹುಬ್ಬಳ್ಳಿಯಲ್ಲಿ ಅಡುಗೆಯ ಚಾನೆಲು ನಡೆಸುವಾಕೆಯ ಸಂಪಾದನೆಯನ್ನು ಊಹಿಸಹೊರಡುವುದು ಆನೆಯ ಹೆಜ್ಜೆ ಅಳೆದು ಆಡಿನ ತೂಕ ಹೇಳಿದಂತಾದೀತು.

ನಮ್ಮ ದೇಶದಲ್ಲಿ ಈ ಎರಡು ಪ್ರಶ್ನೆಗಳು ಬೇರೆಬೇರೆ ಕಚೇರಿಗಳಿಗೆ ಹಂಚಿಹೋಗಿವೆ. ಹಣ ಪಡೆದೆಯಾ ಎಂದು ಕೇಳುವವರು ಒಬ್ಬರು, ಎಷ್ಟು ಎಂದು ಕೇಳುವವರು ಮತ್ತೊಬ್ಬರು. ಮುಂಬಯಿಯಲ್ಲಿರುವ, 1985ರಲ್ಲಿ ಸ್ಥಾಪಿತವಾದ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಕೃತಿಕಾರರಿಗಾಗಿ ಮಾಡಿದ ನಿಯಮಾವಳಿ 2021ರ ಜೂನ್ 14ರಿಂದ ಅನ್ವಯವಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಧಾರದ ಮೇಲೆ ಕೇಂದ್ರ ಪ್ರಾಧಿಕಾರವು 2022ರ ಜೂನಿನಲ್ಲಿ ಮಾರ್ಗಸೂತ್ರಗಳನ್ನು ಹೊರಡಿಸಿತು; ಕೃತಿಕಾರರಿಗೆಂದೇ ಸರಳವಾದ ಕೈಪಿಡಿಯೊಂದನ್ನು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಪ್ರಕಟಿಸಿತು. ದಾರಿತಪ್ಪಿಸುವ ಪ್ರಚಾರಕ್ಕೆ ಆ ಕಾಯಿದೆ ವಿಧಿಸುವ ದಂಡ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ. ಇವೆಲ್ಲವೂ ಸಂಬಂಧವನ್ನು ತಿಳಿಸೆನ್ನುತ್ತವೆ, ಮೊತ್ತವನ್ನಲ್ಲ.

ಮೊತ್ತವನ್ನು ಕೇಳುವುದು ಆದಾಯ ತೆರಿಗೆಯವರು. 1961ರ ಆದಾಯ ತೆರಿಗೆ ಕಾಯಿದೆಗೆ 194ಆರ್ ಎಂಬ ವಿಧಿಯನ್ನು ಸೇರಿಸಿ 2022ರ ಜುಲೈ 1ರಿಂದ ಜಾರಿಗೆ ತಂದರು. ವ್ಯಾಪಾರ ಅಥವಾ ವೃತ್ತಿಯ ಸಂಬಂಧದಲ್ಲಿ ಒಬ್ಬನಿಗೆ ವರ್ಷಕ್ಕೆ 20 ಸಾವಿರ ರೂಪಾಯಿಗಿಂತ ಹೆಚ್ಚಿನ ಸೌಲಭ್ಯವನ್ನು ಕೊಡುವವರು ಅದರ ಬೆಲೆಯ ನೂರಕ್ಕೆ ಹತ್ತನ್ನು ಮೂಲದಲ್ಲಿಯೇ ತೆರಿಗೆಯಾಗಿ ಕಡಿತಮಾಡಬೇಕು. ಹಣವಾಗಿ ಅಲ್ಲದೆ ವಸ್ತುವಾಗಿ ಕೊಟ್ಟರೂ ಇದು ತಪ್ಪದು. ಈ ವಿಧಿಯನ್ನು ವಿವರಿಸಿ 2022ರ ಜೂನ್ 16ರಂದು ಹೊರಬಿದ್ದ ಸುತ್ತೋಲೆಯಲ್ಲಿ ಸಾಮಾಜಿಕ ಜಾಲತಾಣದ ಕೃತಿಕಾರನ ಪ್ರಸ್ತಾಪ ನೇರವಾಗಿಯೇ ಬಂದಿದೆ: ಕಾರು, ಮೊಬೈಲು, ಉಡುಪು, ಪ್ರಸಾಧನ ಸಾಮಗ್ರಿ ಮೊದಲಾದವನ್ನು ಬಳಸಿ ನೋಡಿ ಕಂಪನಿಗೆ ಹಿಂದಿರುಗಿಸಿದರೆ ಅದು ಸೌಲಭ್ಯವಲ್ಲ, ಇಟ್ಟುಕೊಂಡರೆ ಸೌಲಭ್ಯ. 1961ರ ಕಾಯಿದೆಯ ಸ್ಥಾನಕ್ಕೆಂದು ರಚಿತವಾದ 2025ರ ಕಾಯಿದೆಗೆ ಜಾರಿಯ ದಿನವೆಂದು ಗೊತ್ತುಪಡಿಸಿದ್ದು 2026ರ ಏಪ್ರಿಲ್ 1. ವಿಧಿಯ ಸಂಖ್ಯೆ ಬೇರೆಯಾದರೂ ತತ್ತ್ವ ಉಳಿದಿದೆ. 2025ರಲ್ಲಿ ಇಲಾಖೆಯು ವೃತ್ತಿಗಳ ಸಂಕೇತಪಟ್ಟಿಯಲ್ಲಿ ಇವರಿಗೆಂದೇ 16021 ಎಂಬ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟಿತು. ವಕೀಲ, ವೈದ್ಯ, ಲೆಕ್ಕಪರಿಶೋಧಕರ ಸಾಲಿನಲ್ಲಿ ಈ ವೃತ್ತಿಯೂ ನಿಂತಂತಾಯಿತು.

ಇದರ ಮಹತ್ತ್ವವನ್ನು ನಮ್ಮಲ್ಲಿ ಸಾಕಷ್ಟು ಗಮನಿಸಿದಂತಿಲ್ಲ. ಮೊಬೈಲನ್ನು ಉಡುಗೊರೆಯಾಗಿ ಕೊಟ್ಟು ಅದೇ ಸಂಭಾವನೆಯೆಂದು ಹೇಳುವ ಪದ್ಧತಿಯನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ. ತೆರಿಗೆಯ ಕಡತ ತೋರಿಸುತ್ತದೆ. 1921ರ ಲೇಬರ್ ಆಫೀಸಿನಂತೆ ಕೊಡುವವನ ಪುಸ್ತಕದಿಂದಲೇ ಲೆಕ್ಕ ತೆಗೆಯುವ ಸಾಧನ ಈಗ ಸರಕಾರದ ಕೈಯಲ್ಲಿದೆ. ವ್ಯಕ್ತಿಗಳ ಹೆಸರನ್ನು ಹೊರಗೆಡಹದೆ, 16021ರ ಕೆಳಗೆ ಎಷ್ಟು ಮಂದಿ ವಿವರ ಸಲ್ಲಿಸಿದರು, ಅವರ ಆದಾಯ ಯಾವ ಯಾವ ಮಜಲುಗಳಲ್ಲಿ ಹಂಚಿಹೋಗಿದೆ ಎಂಬ ಒಂದು ಪುಟದ ಕೋಷ್ಟಕವನ್ನು ಪ್ರಕಟಿಸಿದರೆ ಈವರೆಗಿನ ಎಷ್ಟೋ ಸಮೀಕ್ಷೆಗಳಿಗಿಂತ ಅದು ಹೆಚ್ಚು ಹೇಳೀತು. ಅಲ್ಲಿಯೂ 20 ಸಾವಿರದ ಕೆಳಗಿನದು ಬಿಟ್ಟುಹೋಗುತ್ತದೆ, ನಿಜ; ವೃತ್ತಿಯ ಬಹುಪಾಲು ಜನ ಆ ಗೆರೆಯ ಆಚೆಯೋ ಈಚೆಯೋ ಎಂಬುದೇ ಮೊದಲ ಪ್ರಶ್ನೆಯಾಗಿರುವಾಗ ಅದು ಸಣ್ಣ ಕೊರತೆಯಲ್ಲ.

ಇಷ್ಟು ಶ್ರಮಪಟ್ಟು ಬೇರೆಯವರ ಸಂಪಾದನೆಯನ್ನು ತಿಳಿದು ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಈ ಗುಟ್ಟು ಎಲ್ಲರಿಗೂ ಸಮನಾದ ಗುಟ್ಟಲ್ಲ. ಕೃತಿಕಾರನಿಗೆ ಗೊತ್ತಿರುವುದು ತನಗೆ ಬಂದ ಬೆಲೆ ಒಂದೇ. ಕೊಳ್ಳುವ ಕಂಪನಿಗೆ, ವಿಶೇಷವಾಗಿ ನಡುವೆ ನಿಂತ ಏಜೆನ್ಸಿಗೆ, ನೂರಾರು ಮಂದಿಗೆ ಕೊಟ್ಟ ಬೆಲೆ ಗೊತ್ತಿರುತ್ತದೆ. ಚೌಕಾಸಿಗೆ ಕುಳಿತಾಗ ಒಬ್ಬನ ಕೈಯಲ್ಲಿ ಒಂದು ಎಲೆ, ಇನ್ನೊಬ್ಬನ ಕೈಯಲ್ಲಿ ಇಡೀ ಕಟ್ಟು. ಇದರ ಪರಿಣಾಮವನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಎಂಎಸ್‌ಎಲ್ ಎಂಬ ಪ್ರಚಾರ ಸಂಸ್ಥೆ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ ಬಿಳಿಯ ಕೃತಿಕಾರರ ಸಂಪಾದನೆಗೂ ಕರಿಯ ಕೃತಿಕಾರರ ಸಂಪಾದನೆಗೂ ನೂರಕ್ಕೆ 35ರಷ್ಟು ಅಂತರವಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 2020ರಲ್ಲಿ, ತಮಗೆ ದೊರೆತ ಸಂಭಾವನೆಗಳನ್ನು ಹೆಸರು ಹೇಳದೆ ಬರೆದು ಹೋಲಿಸಿಕೊಳ್ಳುವುದಕ್ಕಾಗಿ ಇನ್‌ಸ್ಟಾಗ್ರಾಮಿನಲ್ಲಿಯೇ ಒಂದು ಖಾತೆ ತೆರೆಯಿತು. ಕೂಲಿಯ ಚೀಟಿಗಳನ್ನು ಜೊತೆಗಿಟ್ಟು ನೋಡುವ ಹಳೆಯ ಕ್ರಮವೇ ಇದು.

ಕನ್ನಡದ ಕೃತಿಕಾರರಿಗೆ ಈ ಅಸಮತೆ ಇನ್ನೊಂದು ರೀತಿಯಲ್ಲಿ ತಟ್ಟುವುದು ಸಹಜ. ದೇಶವ್ಯಾಪಿ ಪ್ರಚಾರವೊಂದನ್ನು ಏರ್ಪಡಿಸುವ ಸಂಸ್ಥೆ ಹಿಂದಿ, ಮರಾಠಿ, ತಮಿಳು, ತೆಲುಗು, ಕನ್ನಡಗಳನ್ನು ಒಟ್ಟಾಗಿ ಕೊಳ್ಳುತ್ತದೆ. ಐದು ಬೆಲೆಗಳೂ ಅದರ ಒಂದೇ ಹಾಳೆಯಲ್ಲಿರುತ್ತವೆ. ಕನ್ನಡಕ್ಕೆ ನೋಡುಗರು ಕಡಮೆಯಾದುದರಿಂದ ಬೆಲೆಯೂ ಕಡಮೆಯೆಂದರೆ ಒಪ್ಪಬೇಕು. ಸಾವಿರ ನೋಡುಗರಿಗೆ ಇಷ್ಟೆಂದು ಲೆಕ್ಕಹಾಕಿದಾಗಲೂ ಕಡಮೆಯೇ, ಆಗಿದ್ದರೆ ಎಷ್ಟು, ಏಕೆ ಎಂಬುದನ್ನು ಆ ಹಾಳೆ ಕಾಣದೆ ನಿರ್ಣಯಿಸಲಾಗದು. ಅಂಥ ಹಾಳೆಗಳು ಸಿದ್ಧವಾಗುವ ಕಚೇರಿಗಳಲ್ಲಿ ಹಲವು ನಾವು ದಿನವೂ ಹಾದುಹೋಗುವ ಬೀದಿಗಳಲ್ಲಿಯೇ ಇವೆ. ಅವುಗಳಲ್ಲಿ ದುಡಿಯುವ ಕನ್ನಡಿಗರೂ ಇದ್ದಾರೆ.

ಆದುದರಿಂದ ಹೊರನಾಡಿನ ಸಂಘಗಳು ಇಂಥ ವಿಚಾರಣೆಯೊಂದನ್ನು ಸಣ್ಣ ಪ್ರಮಾಣದಲ್ಲಿ ಕೈಗೊಳ್ಳುವುದು ಅಸಾಧ್ಯವಲ್ಲ. ಕೇಳುವ ಕ್ರಮದಲ್ಲಿ ಮಾತ್ರ ಎಚ್ಚರ ಬೇಕು. ‘ನಿಮ್ಮ ತಿಂಗಳ ಆದಾಯವೆಷ್ಟು’ ಎಂದು ಕೇಳಿದರೆ ಕೆಲವರು ಹಿಗ್ಗಿಸಿ ಹೇಳುವರು, ಕೆಲವರು ತೆರಿಗೆಗೆ ಅಂಜಿ ಕುಗ್ಗಿಸುವರು. ಕಳೆದ ಮೂರು ಕರಾರುಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಬಿಡಿಬಿಡಿಯಾಗಿ ವಿಚಾರಿಸುವುದು ಮೇಲು: ಹಣವಾಗಿ ಬಂದದ್ದೆಷ್ಟು, ವಸ್ತುವಾಗಿ ಎಷ್ಟು, ಏಜೆನ್ಸಿ ಹಿಡಿದುಕೊಂಡದ್ದೆಷ್ಟು, ಕ್ಯಾಮೆರಾದವನಿಗೂ ಸಂಕಲನದವನಿಗೂ ಕೊಟ್ಟ ಮೇಲೆ ಉಳಿದದ್ದೆಷ್ಟು, ಎದುರಾಳಿ ಕಂಪನಿಯ ಹೆಸರೆತ್ತಬಾರದೆಂಬ ಷರತ್ತಿನಿಂದ ಎಷ್ಟು ತಿಂಗಳು ಬೇರೆ ಕರಾರು ಕೈತಪ್ಪಿತು, ಆ ದೃಶ್ಯವನ್ನು ಕಂಪನಿ ತನ್ನ ಜಾಹೀರಾತಿಗೂ ಬಳಸಿಕೊಂಡಿತೆ. ಕೊನೆಯದಾಗಿ, ಕೆಲಸ ಒಪ್ಪಿಸಿದ ದಿನಕ್ಕೂ ಹಣ ಕೈಸೇರಿದ ದಿನಕ್ಕೂ ಎಷ್ಟು ಅಂತರ. ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ ಕೊಡಬೇಕಾದುದನ್ನು 45 ದಿನಗಳಿಗಿಂತ ಹೆಚ್ಚು ತಡಮಾಡಬಾರದೆಂದು 2006ರ ಕಾಯಿದೆ ಹೇಳುತ್ತದೆ. ಹಾಗೆ ನೋಂದಾಯಿಸಿಕೊಂಡಿದ್ದೀರಾ ಎಂಬುದನ್ನೂ ಅದೇ ಹಾಳೆಯಲ್ಲಿ ಕೇಳಬೇಕು. ಉತ್ತರಿಸಿದವರ ಹೆಸರನ್ನು ಬರೆಯಬಾರದು. ಊರು, ವಿಷಯ, ಅನುಯಾಯಿಗಳ ಸಂಖ್ಯೆಯ ಮಜಲು ಇಷ್ಟು ಸಾಕು. ಐವತ್ತು ಮಂದಿ ಸಿಕ್ಕಿದರೂ, ಆ ಐವತ್ತರಲ್ಲಿ ನಲವತ್ತು ಮಂದಿ ಯಾವ ಏಜೆನ್ಸಿಯ ಪಟ್ಟಿಯಲ್ಲಿಯೂ ಇಲ್ಲದವರಾಗಿರುವಂತೆ ನೋಡಿಕೊಳ್ಳಬೇಕು.